ಹಗ್ಗ ಹಾಸಿದ ರಂಗ

ಬಡಗಿ ಮಂಡಿಯೂರಿ ಕುಳಿತು ರಂಗದ ಹಲಗೆಯಿಂದ ಕೊನೆಯ ಮೊಳೆಯನ್ನು ಕಿತ್ತ. ಅದರ ಜೊತೆ ಉಳಿದಷ್ಟು ಹಗ್ಗವೂ ಎದ್ದು ಬಂತು. ಅದನ್ನು ಸುತ್ತಿ ಚೀಲಕ್ಕೆ ತುರುಕಿದ. ಮೊಳೆ ಇದ್ದ ತೂತುಗಳನ್ನೆಲ್ಲ ಆಗಲೇ ಮೇಣದಿಂದ ಮುಚ್ಚಿದ್ದ. ಈಗ ಇದನ್ನೂ ಮುಚ್ಚಿ, ಹಲಗೆಯನ್ನು ಉಜ್ಜಿ ನುಣುಪು ಮಾಡಿದ.

"ಇನ್ನು ಯಾರ ಕಾಲಿಗೂ ತೊಡರಲ್ಲ, ಅಕ್ಕಾ," ಎಂದ. "ಹೊತ್ತು ತರೋರು ಧೈರ್ಯವಾಗಿ ಹತ್ತಬಹುದು."

ಹಗ್ಗ ತೆಗೆಯಲು ಹೇಳಿದ್ದವಳು ಸತ್ತ ಮೇಷ್ಟ್ರ ಅಕ್ಕ. ಇನ್ನೊಂದು ಗಂಟೆಯಲ್ಲಿ ತಮ್ಮನ ದೇಹ ಬರುವುದಿತ್ತು. ಅಂಧ ಮಕ್ಕಳ ಶಾಲೆಯಲ್ಲಿ ಹದಿಮೂರು ವರ್ಷ ನಾಟಕ ಕಲಿಸಿದವನನ್ನು ಅವನ ರಂಗದ ಮೇಲೆಯೇ ಮಲಗಿಸಿ ಬೀಳ್ಕೊಡಬೇಕೆಂದು ಮುಖ್ಯೋಪಾಧ್ಯಾಯಿನಿ ಕೇಳಿಕೊಂಡಿದ್ದರು.

"ಚೆನ್ನಾಗಾಯ್ತಪ್ಪ. ದೇವರು ನಿನ್ನ ಕೈ ಗಟ್ಟಿಯಾಗಿಟ್ಟಿರಲಿ."

"ನಾನೇ ಹೊಡೆದ ಮೊಳೆ, ನಾನೇ ಕಿತ್ತೆ. ವರ್ಷವರ್ಷವೂ ಇದ್ದದ್ದೇ ತಾನೇ."

* * *

ಮೊದಲ ವರ್ಷ ಮೇಷ್ಟ್ರು ಮಕ್ಕಳನ್ನು ಶಿಕ್ಷಕರ ಕೈ ಹಿಡಿಸಿಯೇ ರಂಗದ ಮೇಲೆ ನಡೆಸಿದ್ದರು. ರಾಜನ ವೇಷದ ಹುಡುಗ ಶಿಕ್ಷಕಿಯ ಕೈ ಹಿಡಿದು ಯುದ್ಧಕ್ಕೆ ಹೊರಟಾಗ ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಅದು ಹಾಸ್ಯ ನಾಟಕವಾಗಿತ್ತು.

ನಾಟಕ ಮುಗಿದ ಮೂರನೆಯ ದಿನ ಮೇಷ್ಟ್ರು ಕಣ್ಣಿಗೆ ಟವೆಲ್ ಬಿಗಿದುಕೊಂಡು ಬರಿಗಾಲಲ್ಲಿ ರಂಗ ಹತ್ತಿದರು. ಗೋಡೆಗೆ ಹಣೆ ಬಡಿದು, "ತಪ್ಪಾಯ್ತು ಸ್ವಾಮಿ," ಎಂದು ಅದಕ್ಕೇ ಹೇಳಿದ್ದನ್ನು ಕಂಡು ಕಿಟಕಿ ರಿಪೇರಿ ಮಾಡುತ್ತಿದ್ದ ಬಡಗಿಗೆ ನಗು ತಡೆಯಲಾಗಲಿಲ್ಲ.

"ಹಲ್ಲು ಬಿಟ್ಟಿದ್ದು ಸಾಕು, ಬಾರಯ್ಯ. ಇಲ್ಲೊಂದು ಹಗ್ಗ ಹೊಡಿ."

ಅಂದಿನಿಂದ ಪ್ರತಿ ನಾಟಕಕ್ಕೂ ಹೊಸ ಹಾಸು. ಒಂಟಿ ಹಗ್ಗವೆಂದರೆ ದಾರಿ, ಗಂಟು ಸಿಕ್ಕರೆ ನಿಲ್ಲುವ ಜಾಗ, ಜೋಡಿ ಹಗ್ಗ ಸಿಕ್ಕರೆ ಮುಂದೆ ರಂಗದ ಅಂಚು. ಮೇಷ್ಟ್ರು ಸೀಮೆಸುಣ್ಣದಲ್ಲಿ ಗೆರೆ ಎಳೆಯುವರು. ಬಡಗಿ ಗೆರೆಯ ಮೇಲೆ ಹಗ್ಗವಿಟ್ಟು ಮೊಳೆ ಹೊಡೆಯುವನು. ಆರು ತಿಂಗಳ ಅಭ್ಯಾಸದಲ್ಲಿ ಸುಣ್ಣವೆಲ್ಲ ಮಕ್ಕಳ ಕಾಲಿಗೆ ಹತ್ತಿ ಹೋಗುತ್ತಿತ್ತು. ಮೇಷ್ಟ್ರು ಏನನ್ನೂ ಬರೆದಿಡಲಿಲ್ಲ. ಕಾಲಿಗೆ ಗೊತ್ತಿದ್ದರೆ ಸಾಕು ಎನ್ನುತ್ತಿದ್ದರು.

* * *

ದೇಹ ಬಂತು. ಮಕ್ಕಳು ಕೆಳಗೆ ಬೆಂಚುಗಳ ಮೇಲೆ ಕುಳಿತಿದ್ದರು. ಶನಿವಾರದ ನಾಟಕದಲ್ಲಿ ರಾಣಿಯಾಗಬೇಕಿದ್ದ ಹದಿನೇಳರ ಹುಡುಗಿ ಚಪ್ಪಲಿ ಬಿಟ್ಟು ಎದ್ದಳು.

"ಮೇಷ್ಟ್ರನ್ನ ಎಲ್ಲಿ ಮಲಗಿಸಿದೀರಿ, ಮೇಡಂ?"

"ನಿಮ್ಮ ನಾಟಕದಲ್ಲಿ ಅರಮನೆ ಬಾಗಿಲಿದೆಯಲ್ಲ, ಆ ಜಾಗದಲ್ಲಮ್ಮ," ಎಂದರು ಮುಖ್ಯೋಪಾಧ್ಯಾಯಿನಿ.

"ಹಾಗಾದ್ರೆ ನಾನೊಬ್ಬಳೇ ಹೋಗ್ತೀನಿ."

ಮೂರು ಮೆಟ್ಟಿಲು ಹತ್ತಿ ಬಲಗಾಲನ್ನು ಹಲಗೆಯ ಮೇಲೆ ಸವರಿದಳು. ಮತ್ತೆ ಸವರಿದಳು. ಆಮೇಲೆ ಎಡಗಾಲು.

"ಹಗ್ಗ ಎಲ್ಲಿ?"

"ತೆಗೆದೆ ಕಣಮ್ಮ," ಎಂದ ಬಡಗಿ. "ಹೊತ್ತು ತರೋರಿಗೆ ತೊಡರುತ್ತೆ ಅಂತ. ಅದಕ್ಯಾಕೆ ಯೋಚನೆ? ನಾಳೆನೇ ಹೊಡೆದು ಕೊಡ್ತೀನಿ. ಮೇಷ್ಟ್ರು ಗೆರೆ ಎಳೆದು ಕೊಟ್ಟ ತಕ್ಷಣ..."

ಅವನ ಕಣ್ಣು ಹೆಣದ ಮೇಲೆ ಹೋಯಿತು.

"ತೂತು ಇರುತ್ತಲ್ಲಪ್ಪ," ಎಂದಳು ಅಕ್ಕ, ಗಾಬರಿಯಿಂದ. "ತೂತು ನೋಡ್ಕೊಂಡು ಹೊಡಿ."

"ಮುಚ್ಚಿಬಿಟ್ಟೆ, ಅಕ್ಕಾ. ಹಳೇದು, ಹೊಸದು, ಎಲ್ಲಾ."

ಮುಖ್ಯೋಪಾಧ್ಯಾಯಿನಿ ದನಿ ತಗ್ಗಿಸಿದರು. "ಆಗಿದ್ದಾಯ್ತು, ಬಿಡಿ. ಶನಿವಾರ ಸಾಲಾಗಿ ಕುರ್ಚಿ ಹಾಕಿಸ್ತೀನಿ. ಕೂತಲ್ಲೇ ಮಾತು ಹೇಳಲಿ. ನೋಡೋಕೆ ಬಂದೋರು ಏನೂ ಬೇಜಾರು ಮಾಡ್ಕೊಳ್ಳಲ್ಲ."

"ಬೇಜಾರು ಮಾಡ್ಕೊಳ್ಳಲ್ಲ, ಮೇಡಂ," ಎಂದಳು ಹುಡುಗಿ. "ಅಳ್ತಾರೆ."

ಅಕ್ಕ ಅವಳ ಬಳಿಗೆ ಬಂದಳು. ತಮ್ಮನ ಆಯುಸ್ಸಿಗಾಗಿ ವಾರವೆಲ್ಲ ದೇವರಲ್ಲಿ ಬೇಡಿದ್ದ ಕೈಯನ್ನು ಅವಳತ್ತ ಚಾಚಿದಳು.

"ತೆಗಿ ಅಂತ ಹೇಳಿದ್ದು ನಾನು, ಮಗಳೇ. ಬಾ, ನಾನು ಕರ್ಕೊಂಡು ಹೋಗ್ತೀನಿ."

"ಬೇಡಮ್ಮ. ಯಾರೂ ಮುಟ್ಟಬೇಡಿ. ದಾರಿನೂ ಹೇಳ್ಬೇಡಿ."

ಹುಡುಗಿ ಬೆನ್ನು ನೆಟ್ಟಗೆ ಮಾಡಿದಳು. ರಾಣಿಯ ನಡಿಗೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಳು. ಐದನೆಯ ಹೆಜ್ಜೆಗೆ ಕಾಲು ಗಂಟನ್ನು ಹುಡುಕಿತು. ಸಿಗಲಿಲ್ಲ. ಸ್ವಲ್ಪ ಬಲಕ್ಕೆ ಹೊರಳಿ ಇನ್ನೂ ಮೂರು ಹೆಜ್ಜೆ ನಡೆದು ನಿಂತಳು. ಅಕ್ಕ ಒಂದು ಹೆಜ್ಜೆ ಮುಂದಿಟ್ಟು ಹಿಂದೆಗೆದಳು.

ಹುಡುಗಿ ಬಹಳ ಹೊತ್ತು ಬರಿಗೋಡೆಗೆ ತಲೆ ಬಾಗಿಸಿ ನಿಂತಿದ್ದಳು. ಅವಳ ಬೆನ್ನ ಹಿಂದೆ ಮೇಷ್ಟ್ರು ಮಲಗಿದ್ದರು.