ಆಷಾಢದ ಸೈಲೆನ್ಸರ್

ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿ ಜುಲೈ ಇಪ್ಪತ್ತೈದು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಾಟಯ್ಯ ತನ್ನ ಹಳೆಯ ಜಾವಾ ಗಾಡಿಯ ಕಿಕ್ಕರನ್ನು ಹನ್ನೊಂದನೆಯ ಸಲ ಒದ್ದ. ಗಾಡಿ ಒಂದು ಸಲ ಕೆಮ್ಮಿತು, ಎರಡು ಸಲ ಗೊರಗುಟ್ಟಿತು, ಸುಮ್ಮನಾಯಿತು. ಕಾಟಯ್ಯ ಜೇಬಿನಿಂದ ಪುಸ್ತಕ ತೆಗೆದು ‘ಹನ್ನೊಂದು: ಇಲ್ಲ’ ಎಂದು ಬರೆದುಕೊಂಡ.

ಬರೆದುಕೊಳ್ಳುವುದು ಅವನಿಗೆ ಅಂಟಿದ ಚಟ. ಬಿ.ಎಸ್ಸಿ. ಓದಿ ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಶೇಂಗಾ ತಳಿಗಳ ಲೆಕ್ಕ ಇಡುವವನು. ಎರಡು ತಿಂಗಳ ಹಿಂದೆ ತನ್ನದೇ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಚಪ್ಪರದ ನೆರಳಿನಲ್ಲಿ ಎಷ್ಟು ಡಿಗ್ರಿ ಸೆಕೆ ಇತ್ತೆಂಬುದೂ ಆ ಪುಸ್ತಕದಲ್ಲಿತ್ತು.

ಮದುವೆಯ ಬೆನ್ನಿಗೇ ಆಷಾಢ ಬಂತು. ಪದ್ಧತಿಯಂತೆ ಹೆಂಡತಿ ಗಂಗಕ್ಕ ಧರ್ಮಪುರದಾಚೆಯ ಹಟ್ಟಿಗೆ, ತವರಿಗೆ ಹೋದಳು. ಆ ತಿಂಗಳು ಮುಗಿಯುವ ತನಕ ಹೊಸ ಅಳಿಯ ಅತ್ತೆಯ ಮನೆಯ ಹೊಸ್ತಿಲು ದಾಟುವಂತಿಲ್ಲ. ಆದರೆ ಹೊಸ್ತಿಲಿನ ಆಚೆ ಹೊಲವಿದೆ, ಹೊಲದಲ್ಲಿ ಶೇಂಗಾ ಇದೆ, ಶೇಂಗಾ ನೋಡುವುದು ಕಾಟಯ್ಯನ ನೌಕರಿ. ಹಾಗಾಗಿ ಪ್ರತಿ ಭಾನುವಾರ ಆ ಹಟ್ಟಿಯ ಶೇಂಗಾಕ್ಕೆ ಸರ್ಕಾರದ ಕಣ್ಗಾವಲು ತಪ್ಪುತ್ತಿರಲಿಲ್ಲ.

ಮೊದಲ ಭಾನುವಾರ ಅವನು ಬಂದದ್ದು ಗಂಗಕ್ಕನಿಗೆ ತಿಳಿದದ್ದು ತಡವಾಗಿ. ಬಾವಿಯ ಹತ್ತಿರ ಮಾತಿಗೆ ಸಿಕ್ಕದ್ದು ಮೂರೇ ನಿಮಿಷ. ಆ ರಾತ್ರಿ ಕಾಟಯ್ಯ ಯೋಚಿಸಿದ: ಗಾಡಿಯ ಸದ್ದು ದೂರದಿಂದಲೇ ಕೇಳಿದರೆ ಅವಳು ಮೊದಲೇ ಕೊಡ ಹಿಡಿದು ಹೊರಡಬಹುದಲ್ಲ! ಜಾವಾದ ಎರಡೂ ಸೈಲೆನ್ಸರಿನ ಬಾಲದೊಳಗೆ ಸದ್ದು ಅಡಗಿಸುವ, ಮೈತುಂಬ ತೂತಿರುವ ಕೊಳವೆಗಳಿರುತ್ತವೆ. ಅವನ್ನು ಎಳೆದು ತೆಗೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ತಾರೀಖು ಬರೆದು ಟ್ರಂಕಿನಲ್ಲಿಟ್ಟ. ಹೊಗೆ ಸಲೀಸಾಗಿ ಹೋದದ್ದಕ್ಕೆ ಗಾಡಿ ಪೆಟ್ರೋಲು ಸಾಲದೆ ಬಿಕ್ಕಳಿಸಿತು. ಕಾರ್ಬೊರೇಟರಿನ ಸೂಜಿಯನ್ನು ಒಂದು ಗೀರು ಮೇಲಕ್ಕೇರಿಸಿ ಪೆಟ್ರೋಲು ಹೆಚ್ಚು ಮಾಡಿದ. ಬಿಕ್ಕಳಿಕೆ ನಿಂತಿತು. ಮುಂದಿನ ಭಾನುವಾರ ಕೆರೆ ಏರಿಯ ಮೇಲೆ ಅವನು ಬಂದರೆ ಎರಡು ಕಿಲೋಮೀಟರ್ ಆಚೆಯ ಕುರಿಗಳೂ ತಲೆಯೆತ್ತಿದವು.

ಕೆಟ್ಟದ್ದು ಮೂರನೆಯ ಭಾನುವಾರ. ಗಾಡಿಯನ್ನು ಕುರಿರೊಪ್ಪದ ಬೇಲಿಗೆ ನಿಲ್ಲಿಸಿ ಹೊಲಕ್ಕೆ ಹೋಗಿ ಬಂದವನು ಹೊರಟರೆ ಗಾಡಿಗೆ ಉಸಿರೇ ಇಲ್ಲ. ಮಾವ ಜುಂಜಯ್ಯ ಕಂಬಳಿ ಹೊದ್ದು ನಿಂತು ನೋಡಿದ.

“ಅಳಿಯಂದಿರೇ, ನನ್ನ ಮುದಿ ಟಗರು ಇದಕ್ಕಿಂತ ಚಂದಾಗಿ ಉಸಿರಾಡ್ತೈತೆ.”

“ಸ್ವಲ್ಪ ಧೂಳು ಸೇರ್ಕಂಡೈತೆ ಮಾವ.”

“ಏನಾರ ಸೇರ್ಕಳ್ಳಿ. ಶ್ರಾವಣದ ಬಿದಿಗೆ, ಗುರುವಾರ, ಇದು ನೆಟ್ಟಗೆ ಬಂದ್ರೆ ಹುಡುಗೀನ ಹಿಂದೆ ಕುಂದ್ರಿಸ್ಕಂಡು ಹೋಗ್ರಿ. ಇಲ್ಲಾಂದ್ರೆ ನಾನೇ ಬಸ್ಸಿನಾಗೆ ಕರ್ಕಂಡು ಬರ್ತೀನಿ. ಬಂದೋನು ಶ್ರಾವಣ ಮುಗಿಯೋಗಂಟ ಅಲ್ಲೇ ಇದ್ದು ನಿಮ್ಮ ಶೇಂಗಾನೂ ನೋಡ್ಕಂಡು ಬರ್ತೀನಿ.”

ಬಬ್ಬೂರಿನಲ್ಲಿ ಕಾಟಯ್ಯನ ಮನೆಗೆ ಇದ್ದದ್ದು ಒಂದೇ ಕೋಣೆ.

ಗಾಡಿಯನ್ನು ಹೇಗೋ ಮನೆಗೆ ಸಾಗಿಸಿ, ಆ ವಾರವೆಲ್ಲ ಅವನು ಅದರ ಮುಂದೆ ಮಂಡಿಯೂರಿದ. ಪ್ಲಗ್ ಬಿಚ್ಚಿದರೆ ಕಾಡಿಗೆಯ ಹಾಗೆ ಕಪ್ಪು. ಅಂದರೆ ಪೆಟ್ರೋಲು ಅತಿಯಾಗಿದೆ ಎಂದು ಸೂಜಿಯನ್ನು ಒಂದು ಗೀರು ಇಳಿಸಿದ. ಇನ್ನೂ ಒಂದು ಇಳಿಸಿದ. ಜೆಟ್ಟಿನ ತೂತಿಗೆ ಊದಿದ. ಗಾಳಿಯ ಫಿಲ್ಟರ್ ತೊಳೆದ. ಎಲ್ಲವನ್ನೂ ಬರೆದ. ಇಪ್ಪತ್ತೈದರ ಭಾನುವಾರ ಹನ್ನೆರಡನೆಯ ಒದೆತಕ್ಕೆ ಅಂತೂ ಶುರುವಾದ ಗಾಡಿಯನ್ನು ಅರ್ಧ ಓಡಿಸಿ ಅರ್ಧ ತಳ್ಳಿ, ಹಿರಿಯೂರಿನ ಓಬಳೇಶಪ್ಪನ ರಿಪೇರಿ ಅಂಗಡಿಗೆ ತಂದ.

ಓಬಳೇಶಪ್ಪ ಪುಸ್ತಕದ ನಾಲ್ಕು ಪುಟ ಗಂಭೀರವಾಗಿ ಓದಿದ.

“ಸಾರ್, ಜಾತಕ ಭಾಳ ಚೆನ್ನಾಗಿ ಬರ್ದೀರಿ. ರೋಗಿ ಎಲ್ಲಿ?”

“ನಿನ್ನ ಮುಂದೇ ಐತಲ್ಲಪ್ಪ.”

ಓಬಳೇಶಪ್ಪ ಗಾಡಿಯನ್ನು ಒದ್ದು, ಆಚೆ ಈಚೆ ಮೂಗೆತ್ತಿ ನೋಡಿದ. “ಯಾರ್ಲೇ ಅದು, ಹಗಲುಹೊತ್ತಲ್ಲಿ ಕುರಿತಲೆ ಸುಡ್ತಿರೋರು?”

ಯಾರೂ ಸುಡುತ್ತಿರಲಿಲ್ಲ. ಅವನ ಮೂಗು ಸುತ್ತಾಡಿ ಸೈಲೆನ್ಸರಿನ ಬಾಲಕ್ಕೆ ಬಂದು ನಿಂತಿತು. ಎಂಟು ದಿನದಿಂದ ಆ ವಾಸನೆ ಕಾಟಯ್ಯನ ಮೂಗಿಗೂ ಬಡಿಯುತ್ತಲೇ ಇತ್ತು. ಆದರೆ ಕುರಿಗಾರರ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಸುಟ್ಟ ಉಣ್ಣೆಯ ವಾಸನೆ ಎಂದರೆ ಗಾಳಿ ಇದ್ದ ಹಾಗೆ. ಗಾಳಿಯನ್ನು ಯಾರು ಬರೆದುಕೊಳ್ಳುತ್ತಾರೆ?

ಓಬಳೇಶಪ್ಪ ಅಂಗೈಯನ್ನು ಬಾಲದ ಹಿಂದೆ ಹಿಡಿದು ಇನ್ನೊಮ್ಮೆ ಒದೆಯಲು ಹೇಳಿದ. “ಉಸಿರೇ ಬರ್ತಿಲ್ಲ. ಬಿಟ್ರೆ ತಾನೇ ಎಳ್ಕಳ್ಳೋದು?” ಎಂದು ತಂತಿಯ ತುದಿ ಬಗ್ಗಿಸಿ ಒಳಗೆ ತೂರಿಸಿ ಎಳೆದ. ಎಣ್ಣೆ ಕುಡಿದು ಕಪ್ಪಾಗಿದ್ದ, ಬಿಗಿಯಾಗಿ ಹೊಸೆದ ಉಣ್ಣೆಯ ಸುರುಳಿ ಮೊಳದುದ್ದ ಹೊರಬಂತು. ಇನ್ನೊಂದು ಸೈಲೆನ್ಸರಿನಿಂದ ಅದರ ತಂಗಿ ಬಂತು.

“ನಮ್ಮ ಮಾವನ ಕೆಲಸ!” ಎಂದ ಕಾಟಯ್ಯ.

“ಯಾರದಾದ್ರೂ ಆಗ್ಲಿ. ನಾಲ್ಕು ಪುಟ ಬರ್ದೀರಿ, ಹಿಂದೆ ಒಂದ್ಸಲ ಕೈ ಇಟ್ಟು ನೋಡ್ಲಿಲ್ಲ. ಉಣ್ಣೆ ಕಟ್ಟಿದ್ದಕ್ಕೆ ಸೂಜಿ ಇಳಿಸ್ತಾ ಹೋದ್ರಿ. ಈಗ ಉಣ್ಣೆ ಹೋತು, ಅದೇ ಎರಡು ಗೀರು ವಾಪಸ್ ಏರಿಸ್ಬೇಕು.”

ಏರಿಸಿದ. ಗಾಡಿ ಬೀದಿ ನಡುಗುವಂತೆ ಗುಡುಗಿತು. ಹೊರಡುವಾಗ ಓಬಳೇಶಪ್ಪ ಕಿವಿ ಮುಚ್ಚಿಕೊಂಡೇ ಕೂಗಿ ಹೇಳಿದ: “ಆ ಹಳೇ ಕೊಳವೆ ಎಲ್ಲವೆ? ಗುರುವಾರ ಜತೆಗಿಟ್ಕಂಡು ಹೋಗ್ರಿ. ಉಣ್ಣೆ ತುರುಕಿದೋರು ಸುಮ್ನೆ ತುರುಕಿರಲ್ಲ.”

ಗುರುವಾರ ಬೆಳಿಗ್ಗೆ ಕಾಟಯ್ಯ ಆ ಗುಡುಗಿನೊಂದಿಗೇ ಹಟ್ಟಿಗೆ ಬಂದಿಳಿದ. ನಾಯಿಗಳು, ಮಕ್ಕಳು, ಮುದುಕಿಯರು, ಹಟ್ಟಿಗೆ ಹಟ್ಟಿಯೇ ಹೊರಗೆ ಬಂತು. ಅವನು ಚೀಲದಿಂದ ಕರಿ ಸುರುಳಿಗಳನ್ನು ತೆಗೆದು ಮಾವನ ಮುಂದೆ ಹಿಡಿದ.

“ಏನ್ ಮಾವ ಇದು?”

ಜುಂಜಯ್ಯ ಮೂಸಿ ನೋಡಿ ಮುಖ ಕಿವುಚಿದ. “ಒಳ್ಳೇ ಉಣ್ಣೆ! ಇದನ್ನ ಹೊಗೆಗೆ ಹಾಕಾಕೆ ನಂಗೇನು ತಲೆ ಕೆಟ್ಟೈತಾ? ನಾನಾಗಿದ್ರೆ ಜೇಡಿಮಣ್ಣು ಮೆತ್ತಿರ್ತಿದ್ದೆ.”

“ನಾನೇ ತುರುಕಿದ್ದು,” ಎಂದಳು ಬಾಗಿಲಲ್ಲಿ ನಿಂತಿದ್ದ ಗಂಗಕ್ಕ.

ಅತ್ತೆ ವೀರಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡಳು.

“ಯಾಕೆ? ನಿಂಗೆ ಕೇಳ್ಲಿ ಅಂತಾನೇ ಅಲ್ವಾ ನಾನು ಆ ಸದ್ದು ಮಾಡಿಸಿದ್ದು?” ಎಂದ ಕಾಟಯ್ಯ.

“ನಂಗೊಬ್ಬಳಿಗೇ ಕೇಳ್ತಿತ್ತಾ? ಮೊದ್ಲನೇ ವಾರ ಮೂರು ನಿಮಿಷನಾದ್ರೂ ಮಾತಾಡಿದ್ವಿ. ಈ ಗುಡುಗು ಶುರುವಾದ್ಮೇಲೆ ನಾನು ಬಾವಿಗೆ ಹೋದ್ರೆ ನನ್ನ ಮುಂಚೆ ಹಟ್ಟಿ ಹೆಂಗಸ್ರೆಲ್ಲ ಅಲ್ಲಿ. ‘ನಿನ್ನ ಗಂಡ ಕೂಗ್ತಾನೆ, ಓಡೇ’ ಅಂತ ನಗಾದು. ಭಾನುವಾರ ಅಂತ ನಂಗೆ ಗೊತ್ತಿರಲ್ವಾ? ಸದ್ದು ಯಾಕೆ ಬೇಕು? ಹೊತ್ತು ಹುಟ್ಟಿದಾಗಿಂದ ದಾರಿ ನೋಡ್ತಾ ಇರ್ತೀನಿ.”

ಕಾಟಯ್ಯ ಪುಸ್ತಕಕ್ಕೆಂದು ಜೇಬಿಗೆ ಕೈ ಹಾಕಿದವನು ಹಾಗೆಯೇ ಕೈ ಹೊರಕ್ಕೆ ತೆಗೆದ.

“ಈ ಗುಡುಗಿನ ಮೇಲೆ ಕುಂತ್ಕಂಡು ಹಿರಿಯೂರು ಪೇಟೇಲಿ ಮೆರವಣಿಗೆ ಹೋಗಲ್ಲ ನಾನು. ಅಪ್ಪಯ್ಯ, ಬಸ್ಸಿಗೆ ಹೋಗಾಣ ನಡಿ.”

ಜುಂಜಯ್ಯ ಆಗಲೇ ಕಂಬಳಿ ಮಡಿಸತೊಡಗಿದ್ದ. “ನಂದೇನೈತೆ, ನಾನು ತಯಾರೇ.”

“ಹತ್ತು ನಿಮಿಷ ಕುಂತ್ಕಳ್ರಿ ಮಾವ!” ಎಂದ ಕಾಟಯ್ಯ. ಪತ್ರಿಕೆಯ ಸುತ್ತು ಬಿಚ್ಚಿ ಎರಡೂ ಕೊಳವೆಗಳನ್ನು ಅವುಗಳ ಜಾಗಕ್ಕೆ ಸೇರಿಸಿದ. ಮಾವನೇ ಸ್ಪ್ಯಾನರ್ ಹಿಡಿದು ನಿಂತ, ಸ್ವಲ್ಪ ನಿರಾಸೆಯಿಂದಲೇ. ಕೊಳವೆ ಸೇರಿದರೆ ಹೊಗೆಗೆ ತಡೆ, ತಡೆಗೆ ಪೆಟ್ರೋಲು ಕಡಿಮೆ ಸಾಕು. ಸೂಜಿಯನ್ನು ಒಂದೇ ಒಂದು ಗೀರು ಇಳಿಸಿದ. ಒಂದೇ ಒದೆತಕ್ಕೆ ಗಾಡಿ ಮಲಗಿದ ಬೆಕ್ಕಿನಂತೆ ಗುರುಗುಟ್ಟಿತು. ಬಾಲದ ಹಿಂದೆ ಅಂಗೈ ಹಿಡಿದ. ಎರಡೂ ಕಡೆ ಬೆಚ್ಚಗಿನ ಉಸಿರು ಸಮವಾಗಿ ತಾಗಿತು.

ಗಂಗಕ್ಕನಿಗೆ ನಂಬಿಕೆ ಬರಲಿಲ್ಲ. “ಏರಿ ತನಕ ಹೋಗಿ ಬರ್ರಿ. ನಾನು ಒಳಗೆ ಕಣ್ಣು ಮುಚ್ಕಂಡು ನಿಂತಿರ್ತೀನಿ. ಸದ್ದು ಕೇಳಿದ ತಕ್ಷಣ ಅಪ್ಪಯ್ಯಂಗೆ ಹೇಳ್ತೀನಿ, ಅವ್ರು ಹೊರಗಿಂದ ಕಂಬಳಿ ಬೀಸ್ತಾರೆ.”

ಕಾಟಯ್ಯ ಹೋದ, ತಿರುಗಿ ಬಂದ. ಎಷ್ಟು ಹತ್ತಿರ ಬಂದರೂ ಮಾವ ಕಂಬಳಿ ಬೀಸಲಿಲ್ಲ. ಹುಣಸೆಮರ ದಾಟಿ, ಕಣ ದಾಟಿ ಬಂದ ಮೇಲೆ ಬೀಸಿದ. ಕಾಟಯ್ಯ ಅಲ್ಲೇ ಗಾಡಿ ನಿಲ್ಲಿಸಿ ನೆಲಕ್ಕೊಂದು ಕಲ್ಲಿಟ್ಟು, ಮನೆಯ ಕಡೆ ಹೆಜ್ಜೆ ಎಣಿಸುತ್ತ ನಡೆದ. ಅವನ ಹೆಜ್ಜೆ ಮುಕ್ಕಾಲು ಮೀಟರು. ಹೊಲ ಅಳೆದು ಅಳೆದು ಅದು ತಪ್ಪುವುದಿಲ್ಲ. ಎಣಿಕೆಯ ಗುಂಗಿನಲ್ಲಿ ಹೊಸ್ತಿಲು ಬಂದದ್ದೂ ತಿಳಿಯಲಿಲ್ಲ. ಒಳಗೆ ಕಣ್ಣು ಮುಚ್ಚಿಯೇ ನಿಂತಿದ್ದವಳ ಎದುರಿಗೆ ಹೋಗಿ ನಿಂತಾಗ ಇನ್ನೂರ ಮೂವತ್ತೆರಡು ಹೆಜ್ಜೆ.

ಆಷಾಢ ಮುಗಿದಿತ್ತು, ಹೊಸ್ತಿಲು ದಾಟಿದ್ದು ತಪ್ಪಾಗಲಿಲ್ಲ. ಹೊರಗೆ ಜುಂಜಯ್ಯ ಬಸ್ಸಿನ ಆಸೆ ಬಿಟ್ಟು ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಕಾಟಯ್ಯ ಪುಸ್ತಕ ತೆಗೆದು, ಗಂಗಕ್ಕ ಇಣುಕುತ್ತಿದ್ದಂತೆಯೇ ಬರೆದ: ‘ಸದ್ದು ಕೇಳುವ ದೂರ, ಹೊಸ್ತಿಲ ಒಳಗಿನ ಎರಡು ಹೆಜ್ಜೆ ಸೇರಿ: 174 ಮೀಟರ್.’