ನಿಂತ ಕಾರಿನ ಸಂಸಾರ

ಚಂದ್ರಲೇಖಾಗೆ ಮದುವೆಯಾಗಿ ಹದಿನೆಂಟು ವರ್ಷ. ಇಷ್ಟು ವರ್ಷದಲ್ಲಿ ಗಂಡ ವಾಸು ಅವಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಎರಡೇ ಸಲ. ಅದೇ ವಾಸು ಪ್ರತಿ ಭಾನುವಾರ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿಕೊಂಡು, ಎರಡು ಬಕೆಟ್ ನೀರು, ಒಂದು ಹಳೇ ಮೆತ್ತನೆ ಬನಿಯನ್ನು ಹಿಡಿದು ಮನೆ ಮುಂದಿನ ಬಿಳಿ ಕಾರಿಗೆ ಸ್ನಾನ ಮಾಡಿಸುತ್ತಿದ್ದ. ಒರೆಸಿ, ಪಕ್ಕದ ಕನ್ನಡಿಗಳನ್ನು ಮಡಿಸಿ, ಬೂದುಬಣ್ಣದ ಹೊದಿಕೆ ಹೊದಿಸಿ, ದಾರ ಬಿಗಿಯುವಾಗ ಅವನ ಮುಖದಲ್ಲಿ ಎಳೆಗೂಸಿಗೆ ಕುಲಾವಿ ಕಟ್ಟುವ ತಾಯಿಯ ಕಳೆ ಇರುತ್ತಿತ್ತು.

ಕಾರು ಮನೆಗೆ ಬಂದು ಐದು ವರ್ಷ. ಅದು ಅವರಿದ್ದ ಗಡಿಯೂರು ಹೊಸೂರನ್ನು ದಾಟಿ ಹೋದದ್ದನ್ನು ಬೆರಳು ಮಡಿಸಿ ಹೇಳಬಹುದಿತ್ತು. ವಾಸು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೀದಿಯ ತಿರುವಿಗೇ ಕಂಪನಿ ಬಸ್ಸು ಬರುತ್ತಿತ್ತು. ಚಂದ್ರಲೇಖಾ ಕೆಲಮಂಗಲದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಹೇಳಿಕೊಡುವ ಟೀಚರು; ಅವಳಿಗೆ ಸರ್ಕಾರದ ಬಸ್ಸು. ಸೊಪ್ಪಿನ ಮೂಟೆ, ಹಾಲಿನ ಕ್ಯಾನು, ಪಾಲಿಟೆಕ್ನಿಕ್ ಹುಡುಗರ ನಡುವೆ ಒಂಟಿಕಾಲಲ್ಲಿ ನಿಂತು ಹೋಗುವುದು, ಒಂಟಿಕಾಲಲ್ಲಿ ನಿಂತು ಬರುವುದು. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದೇನಲ್ಲ. ಬೇಸಿಗೆ ರಜೆಯೊಂದರಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡಿದ್ದಳು. ವಾಸು ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಫೋಟೊ ಚೆನ್ನಾಗಿ ಬಂದಿದೆ ಎಂದಿದ್ದ. ಕಾರಿನ ಬೀಗದ ಕೈ ಮಾತ್ರ ಅವನ ಉಡುದಾರದ ಹಾಗೆ ಮೈ ಬಿಟ್ಟು ಅಲುಗುತ್ತಿರಲಿಲ್ಲ.

ಕಾರಿಗೆ ಅದರದೇ ಮಡಿ ಮೈಲಿಗೆ ಇದ್ದವು. ಚಪ್ಪಲಿ ಬಿಟ್ಟು ಹತ್ತಬೇಕು. ತಲೆಗೆ ಎಣ್ಣೆ ಹಚ್ಚಿದವರು ಹಿಂದಕ್ಕೆ ಒರಗಬಾರದು. ಒಳಗೆ ಏನೂ ತಿನ್ನಬಾರದು. ಸೀಟುಗಳ ಮೇಲೆ ಅಂಗಡಿಯಲ್ಲಿ ಹಾಕಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ವಾಸುವಿನ ತಾಯಿ ರಾಮಲಕ್ಷ್ಮಮ್ಮ ಒಮ್ಮೆ ಅದರ ಮೇಲೆ ಕೂತು, ಬೆವರಿ, ಸೀರೆ ಅಂಟಿಸಿಕೊಂಡು ಇಳಿದವರು ಸೊಸೆಗೆ ಹೇಳಿದ್ದರು: "ಇದು ಸ್ವಾಮಿ ಪಲ್ಲಕ್ಕಿ ಕಣಮ್ಮ. ನಾವು ಕೈ ಮುಗಿಯೋದು ಅಷ್ಟೆ, ಹತ್ತೋದಲ್ಲ."

ಓಡಿಸದಿದ್ದರೇನು, ವಾಸು ಅದರಲ್ಲಿ ಕೂರುತ್ತಿದ್ದ. ಸಂಜೆ ಕೆಲಸದಿಂದ ಬಂದು ಹೊದಿಕೆಯ ಒಂದು ಅಂಚು ಎತ್ತಿ ಒಳಗೆ ತೂರಿ, ಹಾಡು ಹಾಕಿಕೊಂಡು, ಅರ್ಧ ಗಂಟೆ ಸ್ಟೇರಿಂಗ್ ಮುಂದೆ ಕಣ್ಣು ಮುಚ್ಚಿ ಇರುತ್ತಿದ್ದ. ಹೊರಗಿನಿಂದ ನೋಡಿದವರಿಗೆ ಹೊದಿಕೆಯೇ ಹಾಡುತ್ತಿರುವಂತೆ ಕಾಣುತ್ತಿತ್ತು. ಮನೆಯಲ್ಲಿ ತರಕಾರಿ ಹೆಚ್ಚುವ, ಪಾತ್ರೆ ಬೆಳಗುವ ಸದ್ದು ಅಲ್ಲಿಗೆ ಕೇಳದಿರುವುದೂ ಒಂದು ಸುಖವೇ ಎಂದು ಚಂದ್ರಲೇಖಾ ಅಂದುಕೊಳ್ಳುತ್ತಿದ್ದಳು.

ಮೊದಲು ಬಂದದ್ದು ವಾಸನೆ. ಹಳೇ ಉಚ್ಚೆಯದೂ ಅಲ್ಲ, ಒದ್ದೆ ಗೋಣಿಚೀಲದ್ದೂ ಅಲ್ಲ, ಎರಡೂ ಸೇರಿದಂಥದ್ದು. ವಾಸು ನೇರ ಅಡುಗೆಮನೆಗೆ ಬಂದು, ಅವಳೇ ಒಳಗೆ ಏನೋ ಚೆಲ್ಲಿರಬೇಕೆಂದು ವಿಚಾರಣೆ ನಡೆಸಿದ. ತಾನು ಆ ಕಾರು ಹತ್ತಿ ಎಂಟು ತಿಂಗಳಾಯಿತು ಎಂದು ಅವಳು ಹೇಳಿದಳು. ಹಾಗಾದರೆ ಎಂಟು ತಿಂಗಳ ಹಿಂದೆ ಚೆಲ್ಲಿರಬೇಕು ಎಂದು ಅವನು ತೀರ್ಮಾನಿಸಿದ. ಅದಾದ ವಾರಕ್ಕೆ ಕೀಲಿ ತಿರುಗಿಸಿದರೆ ಕಾರು ಒಣಕೆಮ್ಮು ಕೆಮ್ಮಿ ಸುಮ್ಮನಾಯಿತು.

ಬಾಗಲೂರು ರಸ್ತೆಯಲ್ಲಿ ಶೆಡ್ ಇಟ್ಟಿದ್ದ ಮೆಕ್ಯಾನಿಕ್ ಶಶಿ ಬಂದು ಬಾನೆಟ್ ಎತ್ತಿದ. ಆಮೇಲೆ ಗಾಳಿ ಸೋಸುವ ಡಬ್ಬಿಯ ಮುಚ್ಚಳ ಬಿಚ್ಚಿ, ಎಲ್ಲರೂ ಬಂದು ನೋಡಿ ಎಂದು ಕರೆದ. ಒಳಗೆ ಒಂದು ಮನೆಯಿತ್ತು. ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ಹತ್ತಿಯಂಥದ್ದನ್ನು ಕಿತ್ತು ತಂದು ಹಾಸಿ, ಪ್ಲಾಸ್ಟಿಕ್ ಕವರನ್ನು ಎಳೆ ಎಳೆಯಾಗಿ ಸೀಳಿ ಹೊದ್ದು, ಮೂಲೆಯಲ್ಲಿ ಉಗ್ರಾಣವನ್ನೂ ಮಾಡಿಟ್ಟುಕೊಂಡಿದ್ದ ಅಚ್ಚುಕಟ್ಟಾದ ಮನೆ. ಉಗ್ರಾಣದ ತುಂಬ ಕಡಲೇಕಾಯಿ ಸಿಪ್ಪೆ. ಸುತ್ತಲಿನ ಅರ್ಧ ವೈರುಗಳ ತೊಗಲು ಸುಲಿದು ತಾಮ್ರ ಹೊಳೆಯುತ್ತಿತ್ತು.

ಪಕ್ಕದ ಖಾಲಿ ಸೈಟಿನವರು ಅವರೆಕಾಯಿ ಕಡಲೇಕಾಯಿ ಬೆಳೆದುಕೊಳ್ಳುತ್ತಾರೆ, ಅಲ್ಲಿಂದ ಇಲಿ ಹೊತ್ತು ತಂದಿದೆ ಎಂದು ವಾಸು ವಿವರಿಸಿದ. ಶಶಿ ಒಂದು ಸಿಪ್ಪೆ ಎತ್ತಿ ಮೂಸಿದ.

"ಇದು ಹುರಿದಿರೋದು ಸಾರ್," ಅಂದ. "ಇಲಿ ಹುರ್ಕೊಂಡು ತಿನ್ನಾಕಿಲ್ಲ."

ಚಂದ್ರಲೇಖಾ ಗಂಡನ ಕಡೆ ನೋಡಲಿಲ್ಲ. ಅವನ ಪ್ಯಾಂಟು ಒಗೆಯುವಾಗಲೆಲ್ಲ ಜೇಬಿನಿಂದ ಉದುರುತ್ತಿದ್ದ ಕೆಂಪು ಹೊಟ್ಟು ಯಾವುದೆಂದು ಅವಳಿಗೆ ಆಗ ತಿಳಿಯಿತು.

ಶಶಿ ವೈರು ಸುತ್ತಿ, ಟೇಪು ಹಾಕಿ, ಗಾಡಿಗೆ ಜೀವ ಬರಿಸಿ ಹೋಗುವಾಗ ಹೇಳಿದ್ದು ಒಂದೇ ಮಾತು: ಗಾಡಿ ಓಡಿಸಿ. ದಿನಾ ಓಡುವ ಗಾಡಿಯಲ್ಲಿ ಯಾವ ಇಲಿಯೂ ಬಾಣಂತನ ಮಾಡಿಕೊಳ್ಳುವುದಿಲ್ಲ. ವಾಸು ಈ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದ. ನುಸಿಗುಳಿಗೆ ತಂದು ಬಟ್ಟೆಗಂಟು ಕಟ್ಟಿ ಎಂಜಿನ್ನಿಗೆ ನೇತುಹಾಕಿದ. ಒಂದು ವಾರದಲ್ಲಿ ಬಟ್ಟೆ ಮಾಯವಾಗಿ ಗುಳಿಗೆ ಮಾತ್ರ ಉಳಿಯಿತು. ಹೊಗೆಸೊಪ್ಪು ಇಟ್ಟ, ಅದು ನಾಲ್ಕೇ ದಿನಕ್ಕೆ ಒಣಗಿತು. ಸದ್ದಿನಿಂದ ಇಲಿ ಓಡಿಸುವ ಯಂತ್ರವೊಂದನ್ನು ತರಿಸಿದ. ಅದರ ಸದ್ದು ಮನುಷ್ಯರಿಗೆ ಕೇಳದು, ಇಲಿಗೆ ಮಾತ್ರ ಕೇಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಇಲಿ ಅದರ ವೈರನ್ನೇ ಮೊದಲು ಕಡಿದು, ತನಗೂ ಕೇಳುವುದಿಲ್ಲ ಎಂದು ಉತ್ತರ ಕೊಟ್ಟಿತು. ಕೊನೆಗೆ ಕಂಪನಿಯಲ್ಲಿ ಯಾರೋ ಹೇಳಿಕೊಟ್ಟರೆಂದು ಕಾಲು ಕೆಜಿ ಖಾರದ ಪುಡಿಯನ್ನು ಎಂಜಿನ್ನಿನ ಸಂದುಗೊಂದಿಗೆಲ್ಲ ಎರಚಿದ.

ಆ ಖಾರದ ಪುಡಿಯ ಮರುವಾರವೇ ಬೇರಿಕೆಯಲ್ಲಿ ಚಂದ್ರಲೇಖಾಳ ಅಣ್ಣ ರಾಮಾಂಜಿನಪ್ಪನ ಮೊಮ್ಮಗುವಿಗೆ ನಾಮಕರಣ. ನೆಂಟರ ಮುಂದೆ ಕಾರಿಳಿಯುವ ಅವಕಾಶ ವರ್ಷಕ್ಕೆ ಎಷ್ಟು ಸಲ ಸಿಕ್ಕೀತು? ವಾಸು ಇಸ್ತ್ರಿ ಅಂಗಿ ತೊಟ್ಟು, ತಾಯಿ ಹೆಂಡತಿಯರನ್ನು ಹತ್ತಿಸಿಕೊಂಡು ಹೊರಟ. ಊರು ದಾಟಿದ ಮೇಲೆ ಸೆಕೆಯೆಂದು ಏಸಿ ಹಾಕಿದ. ನಾಲ್ಕು ಕಂಡಿಗಳಿಂದ ಕೆಂಪು ಹೊಗೆ ಭುಸ್ ಎಂದು ಬಂತು. ಕಾರು ರಸ್ತೆ ಪಕ್ಕದ ಟೊಮೆಟೊ ತೋಟದ ಬದುವಿಗೆ ಮೂಗು ತೂರಿಸಿ ನಿಂತಿತು. ಮೂವರೂ ಕಣ್ಣು ಕಾಣದೆ ಇಳಿದು, ಒಬ್ಬರ ಸೆರಗಿಗೆ ಇನ್ನೊಬ್ಬರು ಸೀನಿದರು. ನಾಮಕರಣದ ಮನೆಗೆ ಅವರು ಕಾಲಿಟ್ಟಾಗ ಕೆಂಡದಂಥ ಕಣ್ಣು, ಸುರಿಯುವ ಮೂಗು. ಯಾರೋ ಹತ್ತಿರದವರು ತೀರಿಕೊಂಡಿರಬೇಕೆಂದು ಅಲ್ಲಿದ್ದ ಹೆಂಗಸರು ಮೆಲ್ಲಗೆ ವಿಚಾರಿಸಿದರು.

ರಾಮಾಂಜಿನಪ್ಪ ದಿನಾ ಕೋಸು ಟೊಮೆಟೊ ಹೇರಿಕೊಂಡು ಮಾರ್ಕೆಟ್ಟಿಗೆ ಗೂಡ್ಸ್ ಟೆಂಪೊ ಹೊಡೆಯುವವನು. ವಿಷಯ ಕೇಳಿ ನಗು ತಡೆದುಕೊಂಡು, "ಭಾವ, ನಮ್ಮ ಟೆಂಪೊಗೆ ಇಲಿ ಹತ್ತಾಕಿಲ್ಲ. ಹತ್ತಿದ್ರೂ ಕೃಷ್ಣಗಿರೀಲಿ ಇಳ್ಕೊಂಡ್ಬುಡ್ತದೆ," ಅಂದ. ವಾಸು ಆ ಮನೆಯಲ್ಲಿ ಪಾಯಸ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆ ಬಂತು. ಚಂದ್ರಲೇಖಾಗೆ ಜವಳಗಿರಿ ಕಡೆಯ ಸೆಂಟರಿನಲ್ಲಿ ಹಾಲ್ ಡ್ಯೂಟಿ ಬಿತ್ತು. ಎಂಟೂವರೆಗೆ ಅಲ್ಲಿರಬೇಕು, ತಳಿಯಲ್ಲಿ ಬಸ್ಸು ಬದಲಿಸಿ ಹೋದರೆ ಆಗದ ಮಾತು. ಅವತ್ತು ವಾಸು ರಜೆಯಲ್ಲಿದ್ದ. ಕಾರು ತೆಗೆ ಎಂದು ತಾಯಿ ಗದರಿದ ಮೇಲೆ, ಭೂಮಿಯನ್ನು ಕಿರುಬೆರಳಲ್ಲಿ ಎತ್ತುವವನಂತೆ ನಿಟ್ಟುಸಿರು ಬಿಟ್ಟು ಒಪ್ಪಿದ.

ತಳಿ ದಾಟಿ ಕಾಡಿನ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿರಬೇಕು. ಮೀಟರಿನ ಹಲಗೆಯಲ್ಲಿ ದೀಪಗಳೆಲ್ಲ ಒಟ್ಟಿಗೆ ಹತ್ತಿದವು, ಒಟ್ಟಿಗೆ ಆರಿದವು. ಕಾರು ಉರುಳಿಕೊಂಡು ಹೋಗಿ ಲಂಟಾನ ಪೊದೆಯ ಪಕ್ಕ ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಎದುರಿಗೇ ಅರಣ್ಯ ಇಲಾಖೆಯ ಬೋರ್ಡು: ಆನೆಗಳು ದಾಟುವ ಜಾಗ, ವಾಹನ ನಿಲ್ಲಿಸಬೇಡಿ.

ಹತ್ತು ನಿಮಿಷಕ್ಕೆ ಹಳ್ಳಿಗಳಿಗೆ ಹೋಗಿ ಹಾಲು ತುಂಬಿಕೊಳ್ಳುವ ಟೆಂಪೊ ಬಂತು. ಓಡಿಸುತ್ತಿದ್ದ ಅಪ್ಪಣ್ಣ ಚಂದ್ರಲೇಖಾಳ ಕೈಯಲ್ಲಿದ್ದ ಡ್ಯೂಟಿ ಆರ್ಡರ್ ನೋಡಿ, ಪಕ್ಕದ ಸೀಟಿನ ಮೇಲಿದ್ದ ಕ್ಯಾನಿನ ಮುಚ್ಚಳಗಳನ್ನು ಹಿಂದಕ್ಕೆ ಎಸೆದು ಜಾಗ ಮಾಡಿದ. ಇಬ್ಬರೂ ಬನ್ನಿ, ಇಲ್ಲಿ ನಿಲ್ಲೋದು ಒಳ್ಳೇದಲ್ಲ, ನಿನ್ನೆಯೂ ಆನೆ ದಾಟಿವೆ ಎಂದ. ಚಂದ್ರಲೇಖಾ ಹತ್ತಿದಳು. ವಾಸು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದ.

"ಗಾಡಿ ಬಿಟ್ಟು ಹೇಗೆ ಬರೋದು?" ಅಂದ. "ಆನೆ ಏನಾದ್ರೂ ಮಾಡಿದ್ರೆ?"

"ನಿಮಗೆ ಮಾಡಿದ್ರೆ?" ಅಂದಳು ಚಂದ್ರಲೇಖಾ.

ಅವನು ಕಾರನ್ನು ನೋಡಿದ, ಕಾಡನ್ನು ನೋಡಿದ, ಮತ್ತೆ ಕಾರನ್ನು ನೋಡಿದ. ಅಪ್ಪಣ್ಣ ಕೈಗಡಿಯಾರ ನೋಡಿಕೊಂಡ.

"ಆಯ್ತು, ನೀವು ಅದರ ಜತೆ ಇರಿ," ಅಂದಳು. "ನನಗೆ ಎಂಟೂವರೆಗೆ ಡ್ಯೂಟಿ."

ಟೆಂಪೊ ಹೊರಟ ಮೇಲೆ ತಿರುವು ಬರುವವರೆಗೂ ಅವಳು ಹಿಂದಿರುಗಿ ನೋಡುತ್ತಲೇ ಇದ್ದಳು. ಆದರೆ ಮೂರು ಗಂಟೆ ಹೊತ್ತು ಮಕ್ಕಳ ತಲೆಗಳ ನಡುವೆ ಓಡಾಡುತ್ತ ಅವಳಿಗೆ ಇನ್ನೊಂದು ಸಂಗತಿ ಗೊತ್ತಾಗಿ ನಾಚಿಕೆಯಾಯಿತು. ಗಂಡನ ಬಗ್ಗೆ ಭಯವಿದ್ದದ್ದು ನಿಜ; ಅದರ ಅಡಿಯಲ್ಲಿ ಮನಸ್ಸು ಹತ್ತಿಯಷ್ಟು ಹಗುರವಾಗಿದ್ದದ್ದೂ ನಿಜ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನನ್ನು ಅವನ ಆಯ್ಕೆಗೆ ಬಿಟ್ಟು ತಾನು ತನ್ನ ಕೆಲಸಕ್ಕೆ ಬಂದಿದ್ದಳು.

ಅಲ್ಲಿಂದಲೇ ಶಶಿಗೆ ಫೋನ್ ಮಾಡಿ, ಮಧ್ಯಾಹ್ನ ಮತ್ತೆ ಅಪ್ಪಣ್ಣನ ಟೆಂಪೊದಲ್ಲೇ ವಾಪಸು ಬಂದಳು. ಕಾರು ಹಾಗೇ ಇತ್ತು. ಗಾಜುಗಳೆಲ್ಲ ಮೇಲಕ್ಕೆ ಏರಿದ್ದವು. ಒಳಗೆ ವಾಸು, ನೀರಿಂದ ಎತ್ತಿದವನಂತೆ ಬೆವರಿ, ಚಪ್ಪಲಿ ಸಮೇತ ಎರಡೂ ಕಾಲನ್ನು ಪ್ಲಾಸ್ಟಿಕ್ ಸೀಟಿನ ಮೇಲೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಎಡಗೈಯಿಂದ ಮುಂದಿನ ಡ್ರಾಯರಿನ ಮುಚ್ಚಳವನ್ನು ಒತ್ತಿ ಹಿಡಿದಿದ್ದ. ಅವಳು ಬಾಗಿಲು ತೆಗೆದರೂ ಕೈ ತೆಗೆಯಲಿಲ್ಲ.

"ಒಳಗಿದಾವೆ," ಅಂದ, ಪಿಸುದನಿಯಲ್ಲಿ.

ಕಾರಿನ ಪುಸ್ತಕ ನೋಡಿ ರಿಪೇರಿ ಮಾಡೋಣವೆಂದು ಡ್ರಾಯರು ತೆಗೆದಿದ್ದನಂತೆ. ಪುಸ್ತಕ ಇತ್ತು, ಅವಲಕ್ಕಿಯಷ್ಟು ಸಣ್ಣಗಾಗಿ. ಅದರ ಮೇಲೆ ಕಿರುಬೆರಳಿನಷ್ಟು ಗಾತ್ರದ ಆರು ಗುಲಾಬಿ ಮರಿಗಳು. ಅವನು ಮುಚ್ಚಿದ. ಆಗಿನಿಂದ ತಾಯಿ ಇಲಿ ಅವನ ಪಾದದ ಮೇಲೆ ನಾಲ್ಕು ಸಲ ಹೋಗಿ ಬಂದಿತ್ತು. ಇಳಿಯೋಣವೆಂದರೆ ಹೊರಗೆ ಆನೆ. ಏಳು ಆನೆ, ಅಂದ. ಕಣ್ಣಾರೆ ನೋಡಿದೆ, ಪೊದೆ ಅಲುಗಿತು, ಅಂದ. ಟೆಂಪೊದಲ್ಲಿ ಜತೆಗೆ ಬಂದಿದ್ದ ಅರಣ್ಯದ ವಾಚರ್ ಬಚ್ಚಪ್ಪ ಪೊದೆ ಸುತ್ತಿ ಬಂದು ನೆಲ ನೋಡಿ, ಸೆಗಣಿ ಹಸುವಿನದು ಎಂದು ಮರ್ಯಾದೆಯಿಂದ ತಿಳಿಸಿದ. ಅಪ್ಪಣ್ಣ ಗೂಡನ್ನು ಬಟ್ಟೆಯಲ್ಲಿ ಎತ್ತಿ ಪೊದೆಯ ಬುಡದಲ್ಲಿಟ್ಟ. ತಾಯಿ ಇಲಿ ಪೆಡಲುಗಳ ನಡುವಿನಿಂದ ಹೊರಬಂದು, ಯಾರ ಮುಖವನ್ನೂ ನೋಡದೆ ಮಕ್ಕಳ ಹಿಂದೆ ಹೋಯಿತು.

ಶಶಿ ಬಂದ ಮೇಲೆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಹದಿನೈದು ದಿನ ಅದು ಶಶಿಯ ಶೆಡ್ಡಿನಲ್ಲಿ ಕರುಳು ಹೊರಗೆ ಹಾಕಿಕೊಂಡು ಮಲಗಿತ್ತು. ವೈರುಗಳ ಕಟ್ಟು ಪೂರಾ ಬದಲಾಯಿತು. ಗಂಡ ಹೆಂಡತಿ ತರಲು ಹೋದ ದಿನ ಶಶಿ ಬೀಗದ ಕೈ ಕೊಡುವ ಮೊದಲು ಹೇಳಿದ:

"ದಿನಾ ಓಡ್ಬೇಕು ಸಾರ್. ಇಲಿ ಇದ್ದ ಕಡೆ ಮುಂದೆ ಹಾವು ಬತ್ತದೆ. ಆವಾಗ ನನ್ನ ಕರೀಬೇಡಿ, ಹಾವಾಡಿಗನ್ನ ಕರೀರಿ."

ವಾಸು ಲೆಕ್ಕ ಹಾಕುವವನಂತೆ ಆಕಾಶ ನೋಡಿದ. ತನಗೆ ಕಂಪನಿ ಬಸ್ಸಿದೆ. ಸುಮ್ಮನೆ ದಿನಾ ಒಂದು ಸುತ್ತು ಹೊಡೆದರೆ ಪೆಟ್ರೋಲು ದಂಡ. ಚಂದ್ರಲೇಖಾ ಅಂಗೈ ಚಾಚಿದಳು, ಅಷ್ಟೆ. ಶಶಿ ಸಾರನ್ನು ಕೇಳದೆ ಬೀಗದ ಕೈಯನ್ನು ಅದರಲ್ಲಿ ಇಟ್ಟುಬಿಟ್ಟ.

ಮೊದಲ ಎರಡು ದಿನ ಅವಳು ಎರಡನೇ ಗೇರು ದಾಟಲಿಲ್ಲ. ಮೂರನೇ ದಿನ ಜತೆಯ ಇಬ್ಬರು ಟೀಚರುಗಳು ಹತ್ತಿದರು, ಎಣ್ಣೆ ಹಚ್ಚಿದ ತಲೆಯಲ್ಲೇ. ಎರಡನೇ ವಾರ ಕೆಲಮಂಗಲದ ಸಂತೆಯ ದಿನ, ಕ್ರೇಟು ಹೇರಿದ್ದ ಗಾಡಿಯೊಂದು ಎಡ ಬಾಗಿಲಿಗೆ ಮೊಳದುದ್ದ ಗೀರು ಎಳೆದುಹೋಯಿತು. ಅದನ್ನು ಮುಚ್ಚಿಡುವ ಯೋಚನೆ ಅವಳಿಗೆ ಬರಲೇ ಇಲ್ಲ. ವಾಸು ಸಂಜೆ ಬಂದು ಗೀರಿನ ಮುಂದೆ ಕುಕ್ಕರಿಸಿ, ಬೆರಳಲ್ಲಿ ಸವರಿ, ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಅತ್ತೆ ಅವನನ್ನು ಊಟಕ್ಕೆ ಎರಡು ಸಲ ಕರೆದರು. ಮೂರನೇ ಸಲ ಕರೆಯಲಿಲ್ಲ. ಆಮೇಲೆ ಅವನೇ ಎದ್ದು ಬಂದು ತಟ್ಟೆ ಹಾಕಿಕೊಂಡ.

ಒಂದು ತಿಂಗಳಾದ ಮೇಲೆ, ತುತ್ತು ಕಲೆಸುತ್ತ, ಈಚೆಗೆ ಕಂಪನಿ ಬಸ್ಸಿನಲ್ಲಿ ಸೀಟೇ ಸಿಗುವುದಿಲ್ಲ ಎಂದ. ಅವಳು ಹೋಗುವ ದಾರಿಯಲ್ಲೇ ತನ್ನ ಕಾರ್ಖಾನೆಯ ಗೇಟು ಬರುತ್ತದೆ ಎಂದೂ ಹೇಳಿದ, ತಟ್ಟೆಯ ಸಾರಿಗೆ ಹೇಳಿದ ಹಾಗೆ.

"ಏಳೂಕಾಲಿಗೆ ಹೊರಡ್ತೀನಿ," ಅಂದಳು. "ನಾನು ಹಾರನ್ ಹೊಡೆಯಲ್ಲ."

ಮರುದಿನ ಏಳು ಹತ್ತಕ್ಕೇ ಅವನು ಟಿಫಿನ್ ಕ್ಯಾರಿಯರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದ. ಹತ್ತಿ ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ, ಮುಂದೆ ಲಾರಿ ಕಂಡಾಗಲೆಲ್ಲ, ಅವನ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದಿನ ಮ್ಯಾಟನ್ನು ಬಲವಾಗಿ ತುಳಿಯುತ್ತಿತ್ತು. ಅಲ್ಲಿ ಬ್ರೇಕು ಇರಲಿಲ್ಲ. ಚಂದ್ರಲೇಖಾ ಅದನ್ನು ನೋಡಿಯೂ ನೋಡದಂತೆ ಗೇರು ಬದಲಿಸಿ ಲಾರಿಯನ್ನು ದಾಟಿಕೊಂಡು ಹೋದಳು.