ಗಡಿಯಿಂದ ಒಂದಡಿ

"ಯಾರ ಪರಿಚಯದ ಮೇಲೆ ಬಂದ್ರಿ?" ಎಂದು ಗೆಂಪೆಯಿ ಅಜ್ಜ ಕೇಳಿದ.

"ಯಾರದೂ ಇಲ್ರಿ. ನನ್ನ ಎರಡ ಕಾಲಮ್ಯಾಲೆ ಬಂದೀನಿ," ಎಂದಳು ಹರುಯೆ.

ಕ್ಯೋಟೋದ ನಿಶಿಜಿನ್ ನೇಕಾರರ ಕೇರಿಯಲ್ಲಿ, ಆ ಬಾಗಿಲ ಮುಂದೆ ನಿಂತು ಇಂಥ ಉತ್ತರವನ್ನು ಯಾರೂ ಕೊಟ್ಟಿರಲಿಕ್ಕಿಲ್ಲ. ಅಜ್ಜನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಅಬ್ಬಾ, ಅಷ್ಟು ದೂರದಿಂದ! ದಣಿವಾಗಿರುತ್ತೆ. ಬೆಟ್ಟದ ಕಡೆ ಈಗ ಎಲೆಗಳೆಲ್ಲ ಕೆಂಪಾಗಿವೆ, ನೋಡ್ಕೊಂಡು ಹೋಗಿ," ಎಂದು ನಡು ಬಾಗಿಸಿ ನಮಿಸಿ, ಜಾಲರಿ ಬಾಗಿಲನ್ನು ಸದ್ದಿಲ್ಲದೆ ಸರಿಸಿ ಮುಚ್ಚಿಕೊಂಡ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ನಯವಾಗಿ ಹೊರಗಟ್ಟಿದವನನ್ನು ಏನು ಮಾಡುವುದು? ಕೊಡಲೆಂದು ತಂದ ಆರು ಸೇಬಿನ ಗಂಟು ಕೈಯಲ್ಲೇ ಉಳಿಯಿತು.

ಹರುಯೆ ಬಡಗಣ ಹಿಮದ ಸೀಮೆ ಅವೊಮೊರಿಯವಳು, ಸೇಬು ಬೆಳೆಯುವ ಮನೆಯ ಸೊಸೆ. ಐವತ್ತೇಳು ವರ್ಷಕ್ಕೂ ಏಣಿ ಹತ್ತಿ ಹಣ್ಣು ಇಳಿಸುವ ಗಟ್ಟಿಗಿತ್ತಿ. ಕ್ಯೋಟೋ ನೋಡಿಕೊಂಡು ಬರುತ್ತೇನೆ ಎಂದು ಅತ್ತೆಗೆ ಹೇಳಿ ರೈಲು ಹತ್ತಿದ್ದಳು. ಹೇಳಿದ್ದು ಅರ್ಧ ನಿಜ. ಉಳಿದರ್ಧ ಅವಳ ಚೀಲದ ತಳದಲ್ಲಿತ್ತು: ಕಿಮೋನೊ ಮೇಲೆ ಬಿಗಿಯುವ ಚಿನ್ನದೆಳೆಯ ನಡುಪಟ್ಟಿ, ಓಬಿ. ಅತ್ತೆ ತನ್ನ ಮದುವೆಗೆ ಉಟ್ಟದ್ದು, ಆಮೇಲೆ ಹರುಯೆ ಉಟ್ಟದ್ದು, ಇನ್ನು ಹನ್ನೆರಡು ದಿನಕ್ಕೆ ಮಗಳು ಅಯಾನೊ ಉಡಬೇಕಾದದ್ದು. ಗಾಳಿಗೆ ಹಾಕಲೆಂದು ಪೆಟ್ಟಿಗೆಯಿಂದ ತೆಗೆದವಳು ಹರುಯೆಯೇ. ಕೊಯ್ಲಿನ ಗಡಿಬಿಡಿಯಲ್ಲಿ ಎರಡು ದಿನ ಸೇಬಿನ ಕೊಟ್ಟಿಗೆಯ ಅಟ್ಟದ ಮೇಲೆ ಮರೆತವಳೂ ಅವಳೇ. ಇಲಿ ಮರೆಯಲಿಲ್ಲ. ಬೆನ್ನ ಮೇಲೆ ಊರೆಲ್ಲ ನೋಡುವ ಜಾಗದಲ್ಲೇ, ಚಿನ್ನದೆಳೆಯಲ್ಲಿ ನೇಯ್ದ ಕೊಕ್ಕರೆಯ ರೆಕ್ಕೆ ಇದ್ದಲ್ಲಿ, ಅಂಗೈಯಗಲ ಕಡಿದು ಹಾಕಿತ್ತು.

ಎಂಬತ್ತಾರರ ಅತ್ತೆಗೆ ಕಣ್ಣು ಮಂಜು, ಬೆರಳು ಚುರುಕು. ಮದುವೆಯ ದಿನ ಮೊಮ್ಮಗಳ ಓಬಿಯನ್ನು ತಾನೇ ಬಿಗಿದು ಕಟ್ಟುತ್ತೇನೆ ಎಂದು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಆ ಬೆರಳಿಗೆ ಆ ತೂತು ಸಿಗಬಾರದು. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಮೂರು ತಿಂಗಳು ಬೇಕೆಂದರು. ಅಂಚಿನಲ್ಲಿ ನೇಯ್ದ ಮನೆಯ ಗುರುತು ನೋಡಿ, ಆ ಮನೆಯವರೇ ಕೈ ಹಾಕಿದರೆ ಬೇಗ ಆದೀತು ಎಂದರು. ಆ ಮನೆ ಗೆಂಪೆಯಿ ಅಜ್ಜನದು. ಹರುಯೆಯ ವಾಪಸು ರೈಲು ಶನಿವಾರ. ಈವತ್ತು ಮಂಗಳವಾರ.

ಅವಳು ಇಳಿದುಕೊಂಡದ್ದು ಆ ಮನೆಗೆ ಅಂಟಿಕೊಂಡೇ ಇದ್ದ ಎರಡು ಕೋಣೆಯ ತಂಗುಮನೆಯಲ್ಲಿ. ಅದರ ಒಡತಿ ಚಿಯೊ, ಅರವತ್ತು ದಾಟಿದ ಒಂಟಿ ಹೆಂಗಸು, ಮಾತು ಜೇನು, ಲೆಕ್ಕಾಚಾರ ಕಬ್ಬಿಣ.

"ಅಕ್ಕಾ, ನೀವೊಂದ ಮಾತು ಹೇಳ್ರಿ ಆ ಅಜ್ಜಗ. ನಲವತ್ತ ವರ್ಷದ ನೆರಿಮನಿ ಅಲ್ಲೇನ್ರಿ?" ಎಂದು ಹರುಯೆ ಕೇಳಿಕೊಂಡಳು.

ಚಿಯೊ ಚಹಾ ಬಗ್ಗಿಸುತ್ತ ನಕ್ಕಳು. "ಪರಿಚಯ ಮಾಡಿಸೋದು ಅಂದ್ರೆ ಬರೀ ಹೆಸರು ಹೇಳೋದಲ್ಲಮ್ಮ. ನಾಳೆ ನೀವು ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಅವರು ನಿಮ್ಮನ್ನ ಕೇಳಲ್ಲ, ನನ್ನನ್ನ ಕೇಳ್ತಾರೆ. ನೀವು ಶನಿವಾರ ರೈಲು ಹತ್ತಿಬಿಡ್ತೀರಿ. ನಾನು ಇಲ್ಲೇ ಬಾಳಬೇಕಲ್ವಾ?"

"ನಾ ಏನ ಎಡವಟ್ಟ ಮಾಡ್ಲಿ, ಅಕ್ಕಾ!"

ಮಾಡಿದಳು, ಮಾರನೆಯ ಬೆಳಿಗ್ಗೆಯೇ.

ಬೆಳಕು ಹರಿಯುವಾಗ ಏಳುವುದು ಅವಳಿಗೆ ಹುಟ್ಟಿನಿಂದ ಬಂದ ಚಾಳಿ. ಎದ್ದವಳಿಗೆ ಕೈಕಟ್ಟಿ ಕೂರಲು ಬಾರದು. ಬಾಗಿಲ ಸಂದಿಯಲ್ಲಿ ನಿಲ್ಲಿಸಿದ್ದ ಬಿದಿರಿನ ಪೊರಕೆ ಹಿಡಿದು ಹೊರಬಂದಳು. ಬೀದಿ ಕೊನೆಯ ದೊಡ್ಡ ಗಿಂಕೊ ಮರ ರಾತ್ರಿಯೆಲ್ಲ ಹಳದಿ ಎಲೆ ಉದುರಿಸಿತ್ತು. ತಂಗುಮನೆಯ ಮುಂದೆ ಸರಸರ ಗುಡಿಸಿದಳು. ಪಕ್ಕದಲ್ಲಿ ಅಜ್ಜನ ಮನೆಯ ಮುಂದೆ ಎಲೆ ಗುಪ್ಪೆಗುಪ್ಪೆಯಾಗಿ ಬಿದ್ದಿತ್ತು. ಪಾಪ, ಎಪ್ಪತ್ತೆಂಟರ ಒಂಟಿ ಜೀವ, ಹೆಂಡತಿ ಹೋಗಿ ಎರಡು ವರ್ಷ ಅಂತೆ! ಆಚೆ ತುದಿಯವರೆಗೂ ಗುಡಿಸಿ, ಬಕೆಟ್ ತಂದು ನೀರು ಚಿಮುಕಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕಲ್ಲುಹಾಸು ಕನ್ನಡಿಯಾಗಿತ್ತು. ಇನ್ನು ಮುದುಕ ಹೇಗೆ ಬೇಡ ಅನ್ನುತ್ತಾನೋ ನೋಡೇಬಿಡೋಣ ಅಂದುಕೊಂಡಳು.

ಹೊರಗೆ ಬಂದ ಚಿಯೊ ಆ ಬೀದಿ ನೋಡಿ ಬಾಯಿಗೆ ಕೈ ಅಡ್ಡ ಇಟ್ಟಳು.

"ಅಯ್ಯೋ ನನ್ನ ಕರ್ಮವೇ! ಏನು ಮಾಡಿಬಿಟ್ರಿ?"

"ಕಸ ಹೊಡದೆ."

"ಅವರ ಮನೆ ಮುಂದೆ! ಅಷ್ಟೂ! ನೀರು ಬೇರೆ!" ಚಿಯೊ ಅವಳನ್ನು ತೋಳು ಹಿಡಿದು ಒಳಗೆ ಎಳೆದುಕೊಂಡಳು. "ನಮ್ಮ ಮನೆ ಮುಂದೆ ಗುಡಿಸಿ, ಗಡಿಯಿಂದ ಆಚೆ ಒಂದಡಿ ಗುಡಿಸಬೇಕು. ಒಂದೇ ಅಡಿ. ಅಷ್ಟೂ ಮಾಡದಿದ್ರೆ ನೆರೆಹೊರೆ ಬೇಡ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಮಾಡಿದ್ರೆ, ನಿನ್ನ ಬಾಗಿಲು ನೋಡ್ಕೊಳ್ಳೋ ಯೋಗ್ಯತೆ ನಿನಗಿಲ್ಲ ಅಂತ ಬೀದೀಲಿ ನಿಂತು ಕೂಗಿದ ಹಾಗೆ. ಅಲ್ಲಮ್ಮಾ, ಹೆಂಡತಿ ಸತ್ತ ಮೇಲೂ ಒಂದು ದಿನ ತಪ್ಪದೆ ತಾನೇ ಗುಡಿಸ್ತಿರೋ ಮನುಷ್ಯ ಅವರು!"

ಒಳ್ಳೆಯದು ಮಾಡಲು ಹೋಗಿ ಇದ್ದ ಒಂದೇ ಬಾಗಿಲಿಗೆ ತಾನೇ ಬೀಗ ಜಡಿದಂತಾಗಿತ್ತು. ಹೋಗಿ ಕಾಲಿಗೆ ಬೀಳುತ್ತೇನೆ ಎಂದು ಹೊರಟವಳನ್ನು ಚಿಯೊ ತಡೆದಳು. ಕ್ಷಮೆ ಕೇಳಿದರೆ ಆದ ಅವಮಾನವನ್ನು ಬಾಯಿಬಿಟ್ಟು ಹೇಳಿದಂತೆ, ಅದು ಇನ್ನೂ ಕೆಟ್ಟದ್ದಂತೆ. ಸುಮ್ಮನಿರಬೇಕಂತೆ. ಆ ದಿನವೆಲ್ಲ ಹರುಯೆ ಗೋಡೆಯ ಆಚೆಯ ಮಗ್ಗದ ಸದ್ದನ್ನು ಕೇಳುತ್ತ ಕುಳಿತಳು. ಬೆಟ್ಟ ನೋಡಲಿಲ್ಲ, ಎಲೆ ನೋಡಲಿಲ್ಲ. ಮಗಳು ಫೋನ್ ಮಾಡಿ "ಕ್ಯೋಟೋ ಹೆಂಗೈತವ್ವಾ?" ಎಂದಾಗ "ಭಾಳ ಸ್ವಚ್ಛ ಐತಿ" ಎಂದಷ್ಟೇ ಹೇಳಿದಳು.

ಗುರುವಾರ ಬೆಳಕು ಹರಿಯುವಾಗ ಹೊರಗೆ ಪೊರಕೆಯ ಸದ್ದು ಕೇಳಿಸಿತು. ಬಾಗಿಲು ಸರಿಸಿದರೆ ಗೆಂಪೆಯಿ ಅಜ್ಜ! ತನ್ನ ಮನೆಯ ಮುಂದಿನದನ್ನು ಮುಗಿಸಿ, ಒಂದಡಿ ದಾಟಿ, ಹತ್ತಡಿ ದಾಟಿ, ತಂಗುಮನೆಯ ಮುಂದೆ ಪೂರ್ತಿ ಗುಡಿಸುತ್ತಿದ್ದ. ಏದುಸಿರು ಬರುತ್ತಿತ್ತು, ಒಂದು ಕೈ ಸೊಂಟ ಹಿಡಿದಿತ್ತು, ಆದರೂ ಕಲ್ಲಿನ ಸಂದಿಯಲ್ಲಿ ಒಂದು ಎಲೆ ಬಿಟ್ಟಿರಲಿಲ್ಲ. ಆ ಪೊರಕೆಯ ಒಂದೊಂದು ಬೀಸಿನಲ್ಲೂ ಸಿಟ್ಟಿತ್ತು.

ಸುಮ್ಮನಿರಬೇಕು ಎಂದು ಚಿಯೊ ಹೇಳಿದ್ದು ಹರುಯೆಗೆ ನೆನಪಿತ್ತು. ಆದರೆ ನಾಲಿಗೆಗೆ ನೆನಪಿರಲಿಲ್ಲ.

"ಅಜ್ಜಾರ, ಬೈರಿ ನನಗ! ಬಾಯಿ ತುಂಬ ಬೈರಿ. ಹಿಂಗ ಸೊಂಟ ಮುರಕೋಬ್ಯಾಡ್ರಿ."

"ಬೈಯೋದೇನು ಬಂತು," ಎಂದ ಅಜ್ಜ ತಲೆ ಎತ್ತದೆ. "ನಿನ್ನೆ ನೀವು ತುಂಬಾ ಶ್ರಮ ತಗೊಂಡ್ರಿ. ಈವತ್ತು ನನ್ನ ಸರದಿ. ನಿಮ್ಮೂರಲ್ಲಿ ಗಡಿ ಅನ್ನೋದು ಇಲ್ಲ ಅಂತ ಕಾಣುತ್ತೆ."

"ಇಲ್ರಿ! ಖರೇನ ಇಲ್ಲ." ಹರುಯೆ ಎರಡೂ ಕೈ ಅಗಲಿಸಿದಳು. "ಜನವರಿ ಬಂದ್ರ ಹಿಮ ಕಿಟಕಿಮಟ ಬೀಳ್ತೈತಿ. ಯಾರ ಗಡಿ ಎಲ್ಲೈತಿ ಅಂತ ದೇವರಿಗೂ ಕಾಣಂಗಿಲ್ಲ. ಮೊದಲ ಎದ್ದಾಂವ ಸಲಿಕಿ ಹಿಡದು ಬಾಜೂ ಮನಿ ಬಾಗಲಮಟ ಹಾದಿ ಮಾಡ್ತಾನ. ಮಾಡ್ಲಿಲ್ಲಂದ್ರ ಒಳಗಿನ ಮುದುಕಿ ಮಧ್ಯಾಹ್ನದಮಟ ಒಳಗ ಸಿಗಬಿದ್ದಿರ್ತಾಳ. ಹಾದಿ ಮಾಡಿದ್ದಕ್ಕ ಯಾರೂ ಸಿಟ್ಟಾಗಂಗಿಲ್ರಿ, ಮಾಡದಿದ್ರ ಮಂದಿ ಮಾರಿ ನೋಡಂಗಿಲ್ಲ."

"ಇಲ್ಲಿ ಅಷ್ಟು ಹಿಮ ಬೀಳಲ್ಲ."

"ಎಲಿ ಬೀಳ್ತಾವಲ್ರಿ!"

ಅಜ್ಜನ ಪೊರಕೆ ನಿಂತಿತು. ನಿಂತದ್ದೇ ಸಾಕು ಎಂದು ಹರುಯೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು. ಇಲಿ, ಅಟ್ಟ, ಅತ್ತೆಯ ಬೆರಳು, ಅಯಾನೊ, ಶನಿವಾರದ ರೈಲು. "ತಪ್ಪು ನಂದ ಐತ್ರಿ. ಅತ್ತಿ ಅರವತ್ತ ವರ್ಷ ಕಾಪಾಡಿದ್ದನ್ನ ನಾ ಎರಡ ದಿನದಾಗ ಹಾಳ ಮಾಡೀನಿ. ಅವರು ಅದನ್ನ ಕಟ್ಟಾಕಂತ ಜೀವ ಹಿಡಕೊಂಡಾರ. ನಾ ಹ್ಯಾಂಗ ಮಾರಿ ತೋರಿಸ್ಲಿ?"

ಗೆಂಪೆಯಿ ಅಜ್ಜ ಅವಳನ್ನು ನೋಡಿದ. ಕಣ್ಣಿನಲ್ಲಿ ಸಿಟ್ಟು ಸ್ವಲ್ಪ ಇಳಿದಿತ್ತು, ಆದರೆ ಬಾಯಿಗೆ ಬಂದದ್ದು ಅದೇ ಹಳೆಯ ಮಾತು. "ಪರಿಚಯ ಇಲ್ಲದೆ ನಮ್ಮಪ್ಪನೂ ಕೆಲಸ ಹಿಡಿದಿಲ್ಲ, ಅವರಪ್ಪನೂ ಹಿಡಿದಿಲ್ಲ. ನಿಮ್ಮ ಪರವಾಗಿ ನಿಂತು ಹೇಳೋರು ಈ ಬೀದೀಲಿ ಯಾರಿದ್ದಾರೆ?"

"ನಾನಿದ್ದೀನಿ."

ಚಿಯೊ ತಂಗುಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಮುಖ ತೊಳೆದಿರಲಿಲ್ಲ, ಕೂದಲು ಬಾಚಿರಲಿಲ್ಲ. ನಲವತ್ತು ವರ್ಷದಲ್ಲಿ ಆ ಅವತಾರದಲ್ಲಿ ಅವಳು ಬೀದಿಗೆ ಇಳಿದದ್ದು ಅದೇ ಮೊದಲು.

"ಇವರು ನಮ್ಮ ಮನೆಯವರು. ಇವರಿಂದ ಏನೇ ತಪ್ಪಾದ್ರೂ ನನ್ನನ್ನ ಕೇಳಿ," ಎಂದಳು. "ನಿನ್ನೆ ಇವರಿಗೆ ಬುದ್ಧಿ ಹೇಳಿದೆ ನಾನು. ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷ, ಅಜ್ಜಾ. ನೀವು ಅರ್ಧ ಗುಡಿಸಿ ಆ ಮೆಟ್ಟಿಲ ಮೇಲೆ ಸೊಂಟ ಹಿಡ್ಕೊಂಡು ಕೂತ್ಕೊಳ್ಳೋದನ್ನ ದಿನಾ ಜಾಲರಿ ಹಿಂದೆ ನಿಂತು ನೋಡಿದ್ದೀನಿ. ನೋಡಿ, ನನ್ನ ಒಂದಡಿ ಗುಡಿಸಿ ಒಳಗೆ ಹೋಗಿದ್ದೀನಿ. ನಿಮ್ಮನೆಯವರು ಇದ್ದಿದ್ರೆ ನನ್ನ ಮುಖ ನೋಡ್ತಿರಲಿಲ್ಲ."

ಎಲೆಯೊಂದು ಬಂದು ಅಜ್ಜನ ಕಾಲ ಬಳಿ ಬಿತ್ತು. ಅವನು ಅದನ್ನು ಗುಡಿಸಲಿಲ್ಲ.

"ನೋಡ್ತಿದ್ರಾ?" ಎಂದ ಕೊನೆಗೆ.

"ದಿನಾ," ಎಂದಳು ಚಿಯೊ.

ಅಜ್ಜ ಎರಡು ಮನೆಗಳ ನಡುವಿನ ಗಡಿಯ ಕಲ್ಲನ್ನು ನೋಡಿದ. ಆಮೇಲೆ ಹರುಯೆಯತ್ತ ತಿರುಗಿದ. "ಚಿಯೊ ಅವರು ಹೇಳಿದ ಮೇಲೆ ಮುಗೀತು. ಓಬಿ ತಗೊಂಡು ಬನ್ನಿ. ಆ ಸೇಬು ಇನ್ನೂ ಇದ್ರೆ ಅದನ್ನೂ ತನ್ನಿ, ಮಂಗಳವಾರದಿಂದ ಅದರ ವಾಸನೆ ಮೂಗಲ್ಲೇ ಇದೆ."

ಒಳಗೆ ಮಗ್ಗದ ಪಕ್ಕದ ದೀಪದ ಕೆಳಗೆ ಓಬಿ ಬಿಚ್ಚಿ, ತೂತಿನ ಅಂಚನ್ನು ಉಗುರಿನಿಂದ ಸವರಿದ. "ಇದು ನಮ್ಮಪ್ಪನ ಕೈ," ಎಂದ. ಹೊಸ ಚಿನ್ನದೆಳೆ ತರಿಸಬೇಕೇನೋ ಎಂದು ಹರುಯೆ ಗಾಬರಿಯಾದಳು. "ಹೊಸದು ಹಾಕಿದ್ರೆ ಹೊಸದು ಅಂತಲೇ ಹೊಳೆಯುತ್ತೆ," ಎಂದ ಅಜ್ಜ. "ನೋಡಿ, ಕಟ್ಟಿದ ಮೇಲೆ ಒಳಸುತ್ತಿಗೆ ಹೋಗಿ ಯಾರಿಗೂ ಕಾಣದ ತುದಿ ಇದು. ಇದರಿಂದ ಎಳೆ ಬಿಡಿಸಿ ಅಲ್ಲಿಗೆ ಹಾಕ್ತೀನಿ. ಇಷ್ಟೂ ವರ್ಷ ಜೊತೇಲೇ ಮಾಸಿದ ಎಳೆ." ಎರಡು ದಿನ ಅವನು ಸೂಜಿ ಹಿಡಿದು ಕೂತ. ಚಿಯೊ ಹೊತ್ತುಹೊತ್ತಿಗೆ ಗಂಜಿ, ಉಪ್ಪಿನಕಾಯಿ ತಂದಿಟ್ಟಳು. ಹರುಯೆ ಸೇಬು ಹೆಚ್ಚಿ ಕೊಟ್ಟಳು, ಮತ್ತು ಬಾಯಿ ಮುಚ್ಚಿಕೊಂಡಿದ್ದಳು. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು.

ಶುಕ್ರವಾರ ಸಂಜೆ ಅಜ್ಜ ಅವಳ ಕಣ್ಣು ಮುಚ್ಚಿಸಿ ಓಬಿ ಕೈಗೆ ಕೊಟ್ಟ. ಕೊಕ್ಕರೆಯ ರೆಕ್ಕೆಯ ಮೇಲೆ ಮೂರು ಸಲ ಬೆರಳಾಡಿಸಿದಳು. ಎಲ್ಲಿ ತೂತಿತ್ತು ಎಂದು ಅವಳಿಗೇ ಸಿಗಲಿಲ್ಲ. ಗೊಳೋ ಎಂದು ಅತ್ತುಬಿಟ್ಟಳು.

"ಅತ್ತೆಗೆ ಹೇಳಿಬಿಡಿ," ಎಂದ ಅಜ್ಜ.

"ಹೇಳ್ತೀನ್ರಿ. ಮದುವಿ ಮುಗದ ಮ್ಯಾಲೆ," ಎಂದಳು ಮೂಗು ಒರೆಸುತ್ತ.

ಶನಿವಾರ ಬೆಳಿಗ್ಗೆ ರೈಲಿಗೆ ಮೊದಲು ಕೊನೆಯ ಸಲ ಪೊರಕೆ ಹಿಡಿದಳು. ತಂಗುಮನೆಯ ಮುಂದೆ ಗುಡಿಸಿದಳು. ಗಡಿ ದಾಟಿ ಒಂದಡಿ ಗುಡಿಸಿದಳು. ಆಚೆ ರಾಶಿ ಎಲೆ ಬಿದ್ದಿತ್ತು. ಕೈ ತುರಿಸಿತು, ಹಲ್ಲು ಕಚ್ಚಿ ನಿಂತಳು. ಜಾಲರಿ ಬಾಗಿಲು ಸರಿಯಿತು. ಗೆಂಪೆಯಿ ಅಜ್ಜ ಖಾಲಿ ಕೈಯಲ್ಲಿ ಹೊರಬಂದು, ಮೊದಲು ಎಲೆಗಳನ್ನು ನೋಡಿದ, ಆಮೇಲೆ ಅವಳ ಪೊರಕೆಯನ್ನು.

"ಯಾಕೆ ನಿಲ್ಲಿಸಿದ್ರಿ?"

"ಒಂದಡಿ ಆತಲ್ರಿ."

"ಹೂಂ." ಅಜ್ಜ ಮೆಟ್ಟಿಲ ಮೇಲೆ ಕೂತ. ಈ ಸಲ ಸೊಂಟ ಹಿಡಿದುಕೊಂಡದ್ದನ್ನು ಮರೆಮಾಡಲಿಲ್ಲ. "ಎರಡು ದಿನ ಬಗ್ಗಿ ಕೂತು ನಡು ಹಿಡ್ಕೊಂಡಿದೆ. ನಮ್ಮ ಚಿಯೊನ ಸ್ವಲ್ಪ ಕರೀರಿ. ಪೊರಕೆ ತರೋಕೆ ಹೇಳಿ."

ಕರೆಯುವ ಅಗತ್ಯ ಬೀಳಲಿಲ್ಲ. ಜಾಲರಿಯ ಹಿಂದೆ ನಿಂತಿದ್ದ ಚಿಯೊ ಪೊರಕೆ ಹಿಡಿದೇ ಹೊರಗೆ ಬಂದಳು. ಗಡಿಯ ಕಲ್ಲು ದಾಟಿದಳು, ಒಂದಡಿ ದಾಟಿದಳು, ಆಚೆ ತುದಿಯವರೆಗೂ ಗುಡಿಸುತ್ತ ಹೋದಳು.